ಹದಿನೇಳಕ್ಕೆ ಮಾತ್ರೆ ಕೊಟ್ಟವರು

ಮಾತ್ರೆಯಕ್ಕ ಎಂಬ ಹೆಸರು ಆಕೆಗೆ ಬಂದದ್ದು ಹಂದಿಗಳ ದೆಸೆಯಿಂದ. ಅದಕ್ಕೂ ಮೊದಲು ನಮ್ಮ ಸಂಸ್ಥೆಯಲ್ಲಿ ಆಕೆಗೆ ಹೆಸರೇ ಇರಲಿಲ್ಲ. ಕಸ ಗುಡಿಸುವವರನ್ನು ಕಳಿಸುವ ಗುತ್ತಿಗೆದಾರನ ಪಟ್ಟಿಯಲ್ಲಿ ಎಲ್ಲೋ ಒಂದು ಸಾಲಾಗಿ ಇದ್ದಿರಬೇಕು. ನಾವ್ಯಾರೂ ಅದನ್ನು ಓದಿರಲಿಲ್ಲ. ನಲವತ್ತೆಂಟರ ಹೆಂಗಸು, ಸಣಕಲು ಮೈ, ಕಾಲಿಗೆ ಯಾರದೋ ಅಳತೆಯ ದೊಡ್ಡ ರಬ್ಬರ್ ಬೂಟು. ನಡೆದರೆ ಬೂಟು ಲೊಟಕ್ ಲೊಟಕ್ ಎನ್ನುತ್ತಿತ್ತು. ಆ ಸದ್ದು ಓಣಿಯ ತಿರುವಿನಲ್ಲಿ ಕೇಳಿಸಿದರೆ ಸಾಕು, ಮಲಗಿದ್ದ ಹಂದಿಗಳೆಲ್ಲ ಎದ್ದು ಕಂಬಿಗೆ ಮೂತಿ ಒತ್ತಿ ನಿಲ್ಲುತ್ತಿದ್ದವು.

ನಮ್ಮ ಕೆಲಸವೇನೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಒಳಗೊಂದು ಪುಟ್ಟ ಲೋಹದ ಜಾಲರಿಯ ಕೊಳವೆ ಕೂರಿಸುತ್ತಾರಲ್ಲ, ಸ್ಟೆಂಟ್, ಅದನ್ನು ಮನುಷ್ಯರಿಗೆ ಹಾಕುವ ಮೊದಲು ಹಂದಿಗಳಿಗೆ ಹಾಕಿ ನೋಡುವುದು. ಹಂದಿಯ ಹೃದಯ ನಮ್ಮ ಹೃದಯದಷ್ಟೇ ದೊಡ್ಡದು, ರಕ್ತನಾಳಗಳೂ ಹೆಚ್ಚುಕಡಿಮೆ ನಮ್ಮವೇ. ಆ ಸಲ ಬಂದಿದ್ದು ಮೂವತ್ತು ಹಂದಿ. ಕಿವಿಗೊಂದು ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಪ್ರತಿಯೊಂದರ ಹೃದಯದಲ್ಲೂ ಎರಡು ಸ್ಟೆಂಟ್: ಒಂದು ನಾಳದಲ್ಲಿ ಬರಿ ಲೋಹದ್ದು, ಇನ್ನೊಂದರಲ್ಲಿ ಮದ್ದು ಲೇಪಿಸಿದ್ದು. ಮೊದಲ ಹದಿನೈದನ್ನು ಇಪ್ಪತ್ತೆಂಟನೇ ದಿನ ಕೊಂದು ನೋಡುವುದು, ಉಳಿದ ಹದಿನೈದನ್ನು ತೊಂಬತ್ತನೇ ದಿನ.

ನಾನು ಮೇಲಿನ ಮಹಡಿಯ ಸ್ಲೈಡ್ ಕೋಣೆಯಲ್ಲಿದ್ದೆ. ಸತ್ತ ಹಂದಿಯ ರಕ್ತನಾಳವನ್ನು ಸ್ಟೆಂಟಿನ ಸಮೇತ ಗಟ್ಟಿ ಅಂಟಿನಲ್ಲಿ ಹುದುಗಿಸಿ, ಲೋಹ ಕೊಯ್ಯುವ ಗರಗಸದಲ್ಲಿ ಕಾಗದದಂತೆ ತೆಳ್ಳಗೆ ಕೊಯ್ದು, ಉಜ್ಜಿ, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿ ಅಳೆಯುವುದು ನನ್ನ ಕೆಲಸ. ಮಾತ್ರೆಯಕ್ಕ ನನ್ನನ್ನು ‘ಗಾಜು’ ಎಂದೇ ಕರೆಯುತ್ತಿದ್ದರು. ‘ಏನೇ ಗಾಜು, ಊಟ ಆಯ್ತಾ?’ ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು.

ಸ್ಟೆಂಟ್ ಹಾಕುವ ಕೆಲವು ದಿನ ಮೊದಲಿನಿಂದಲೇ ಹಂದಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ದಿನಾ ಬೆಳಿಗ್ಗೆ ಎರಡು ಮಾತ್ರೆ ಕೊಡಬೇಕು. ಹಂದಿ ಏನನ್ನು ಬೇಕಾದರೂ ತಿನ್ನುತ್ತದೆ ಎಂದುಕೊಂಡಿದ್ದೆವು. ಮಾತ್ರೆಯನ್ನು ಮಾತ್ರ ತಿನ್ನುತ್ತಿರಲಿಲ್ಲ. ಹಿಟ್ಟಿನಲ್ಲಿ ಕಲಸಿದರೆ ಹಿಟ್ಟನ್ನೆಲ್ಲ ನೆಕ್ಕಿ, ತೊಟ್ಟಿಯ ತಳದಲ್ಲಿ ಎರಡು ಮಾತ್ರೆಗಳನ್ನು ತೊಳೆದಿಟ್ಟ ಹಾಗೆ ಬಿಡುತ್ತಿತ್ತು. ಪುಡಿ ಮಾಡಿ ಹಾಕಿದರೆ ಕಹಿಗೆ ತೊಟ್ಟಿಯನ್ನೇ ಮಗುಚುತ್ತಿತ್ತು. ನಮ್ಮ ಪಶುವೈದ್ಯರು ತಾಳ್ಮೆಯ ಮನುಷ್ಯ. ಅವರೂ ಒಂದು ದಿನ ತಟ್ಟೆಯನ್ನು ಗೋಡೆಗೆ ಎಸೆದರು. ಪೊರಕೆ ಹಿಡಿದು ನಿಂತಿದ್ದ ಈಕೆ ತಟ್ಟೆಯನ್ನು ಎತ್ತಿಕೊಟ್ಟು, ‘ನಾ ಒಂದ್ಸಲ ನೋಡ್ಲಾ ಸಾರ್?’ ಎಂದರು.

ಮಾರನೇ ದಿನ ಮನೆಯಿಂದ ಬೇಯಿಸಿದ ಆಲೂಗಡ್ಡೆ ತಂದರು. ಸ್ವಲ್ಪ ಸಕ್ಕರೆ ಹಾಕಿ ಹಿಸುಕಿ, ನಿಂಬೆಗಾತ್ರದ ಮೂರು ಉಂಡೆ ಕಟ್ಟಿದರು. ಮೊದಲ ಉಂಡೆ ಖಾಲಿ. ಹಂದಿ ಅದನ್ನು ಸವಿದು ತಿಂದಿತು. ಎರಡನೆಯದರೊಳಗೆ ಮಾತ್ರೆ. ಅದನ್ನು ಬಾಯಿಗಿಡುವಾಗಲೇ ಎಡಗೈಯಲ್ಲಿ ಮೂರನೆಯದನ್ನು ಮೂಗಿನ ಮುಂದೆ ಹಿಡಿದರು. ಮೂರನೆಯದು ಎಲ್ಲಿ ತಪ್ಪಿಹೋಗುತ್ತದೋ ಎಂಬ ಆತುರಕ್ಕೆ ಹಂದಿ ಎರಡನೆಯದನ್ನು ಅಗಿಯದೇ ನುಂಗಿತು. ಪಶುವೈದ್ಯರು ಬಾಯಿ ಬಿಟ್ಟುಕೊಂಡು ನೋಡಿದರು. ಅವತ್ತಿನಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

‘ಎಲ್ಲಿ ಕಲಿತ್ರಿ ಅಕ್ಕಾ?’ ಎಂದು ನಾನು ಕೇಳಿದ್ದೆ.

‘ನಮ್ಮತ್ತೆ ಹತ್ರ. ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ರು. ಮಾತ್ರೆ ಅಂದ್ರೆ ಸಾಕು, ತುಟಿ ಹೊಲಿದ ಹಾಗೆ ಮುಚ್ಕೋತಿದ್ರು. ಮಗ ಬಂದು ರಮಿಸಿದ್ರೂ ಇಲ್ಲ, ಡಾಕ್ಟರ್ ಗದರಿಸಿದ್ರೂ ಇಲ್ಲ. ನನ್ನ ಕೈಯಲ್ಲಿ ಮಾತ್ರ ನುಂಗ್ತಿದ್ರು. ನುಂಗಿ ಆದ್ಮೇಲೆ ಬೈತಿದ್ರು, ಮೋಸಗಾತಿ ಅಂತ.’ ಹೇಳಿ ನಕ್ಕರು. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಕೈಗೆ ಕೆಲಸವಿಲ್ಲದಂತಾಗಿ ಗುತ್ತಿಗೆದಾರನ ಬಳಿ ಹೆಸರು ಬರೆಸಿದ್ದರಂತೆ.

ಅವರ ಗಂಡ ತಗಡು ಕತ್ತರಿಸುವ ಷೆಡ್ಡಿನಲ್ಲಿ ಇಪ್ಪತ್ತೈದು ವರ್ಷ ದುಡಿದು ಎರಡೂ ಕಿವಿ ಕಳೆದುಕೊಂಡಿದ್ದರು. ‘ನಮ್ಮನೇಲಿ ಗುಟ್ಟು ಅನ್ನೋದೇ ಇಲ್ಲ ಕಣೇ. ಉಪ್ಪು ಕಮ್ಮಿ ಆಯ್ತು ಅನ್ನೋದನ್ನೂ ಬೀದಿಗೆಲ್ಲ ಕೇಳೋ ಹಾಗೆ ಹೇಳ್ಬೇಕು’ ಎನ್ನುತ್ತಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಭಾನುವಾರ ಫೋನ್ ಮಾಡಿದರೆ ಅಪ್ಪನ ಪರವಾಗಿಯೂ ಇವರೇ ಮಾತಾಡಬೇಕು.

ಮೊದಲ ಹದಿನೈದು ಹಂದಿಗಳ ಸ್ಲೈಡುಗಳನ್ನು ನಾನೇ ಅಳೆದೆ. ಯಾವ ನಾಳದಲ್ಲಿ ಯಾವ ಸ್ಟೆಂಟ್ ಎಂಬುದನ್ನು ನನಗೆ ಹೇಳುತ್ತಿರಲಿಲ್ಲ. ಆದರೆ ಹೇಳಬೇಕಾಗಿಯೂ ಇರಲಿಲ್ಲ. ಬರಿ ಲೋಹದ ಜಾಲರಿಯ ಮೇಲೆ ಮಾಂಸ ದಪ್ಪಗೆ ಬೆಳೆದು ನಾಳದ ಅರ್ಧ ಬಾಯಿಯನ್ನೇ ಮುಚ್ಚಿರುತ್ತಿತ್ತು. ಮದ್ದು ಲೇಪಿಸಿದ್ದರಲ್ಲಿ ನಾಳ ದುಂಡಗೆ, ಅಗಲವಾಗಿ, ಚಿತ್ರ ಬರೆದಂತೆ ತೆರೆದಿರುತ್ತಿತ್ತು. ಸಂಸ್ಥೆಯ ಮುಖ್ಯಸ್ಥರು, ನಾವು ದೊಡ್ಡವರು ಎನ್ನುತ್ತಿದ್ದವರು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ‘ಎಷ್ಟು ಜನರ ಪ್ರಾಣ ಉಳಿಯತ್ತೆ ಗೊತ್ತಾ ಇದರಿಂದ?’ ಎಂದರು. ಅವರ ಕಣ್ಣು ತೇವವಾಗಿತ್ತು. ಅದು ನಾಟಕವಾಗಿರಲಿಲ್ಲ.

ಉಂಡೆ ಕಟ್ಟುತ್ತ ಕೂತಿದ್ದ ಮಾತ್ರೆಯಕ್ಕನಿಗೆ ಪಶುವೈದ್ಯರು ಇದನ್ನು ವಿವರಿಸುವಾಗ ನಾನೂ ಅಲ್ಲಿದ್ದೆ. ಲೋಹ ಚುಚ್ಚಿದ ಕಡೆ ನಾಳಕ್ಕೆ ಗಾಯವಾಗುತ್ತದೆ, ಗಾಯದ ಮೇಲೆ ಮಾಂಸ ಬೆಳೆದು ದಾರಿ ಮತ್ತೆ ಕಟ್ಟುತ್ತದೆ, ಮದ್ದು ಆ ಬೆಳವಣಿಗೆಯನ್ನು ತಡೆಯುತ್ತದೆ ಎಂದರು.

‘ಹಂಗಾದ್ರೆ ಗಾಯ ಮಾಯೋದನ್ನೇ ತಡೆದ ಹಾಗಾಯ್ತಲ್ಲ ಸಾರ್?’

‘ಅತಿಯಾಗಿ ಮಾಯೋದನ್ನ ತಡೆಯತ್ತೆ. ಮೇಲೊಂದು ತೆಳು ಪದರ ಬಂದೇ ಬರತ್ತೆ. ಅದು ಬರೋ ತನಕ ರಕ್ತ ಹೆಪ್ಪುಗಟ್ಟಬಾರದು ಅಂತಾನೇ ನಿಮ್ಮ ಮಾತ್ರೆ.’

‘ಆ ಪದರ ಬರದೇ ಹೋದ್ರೆ?’

ಪಶುವೈದ್ಯರು ನಕ್ಕು, ‘ಅದನ್ನ ನೋಡೋಕೇ ತಾನೇ ತೊಂಬತ್ತು ದಿನ ಕಾಯೋದು’ ಎಂದರು.

ಹದಿನೇಳನೇ ಹಂದಿ ಸತ್ತದ್ದು ನಲವತ್ತೊಂದನೇ ದಿನ. ಬೆಳಿಗ್ಗೆ ಏಳಕ್ಕೆ ಉಂಡೆಯ ತಟ್ಟೆ ಹಿಡಿದು ಹೋದ ಮಾತ್ರೆಯಕ್ಕನಿಗೆ ಹದಿನಾರು ಎದುರಾಯಿತು, ಹದಿನೆಂಟು ಎದುರಾಯಿತು, ನಡುವಿನ ಕಂಬಿಯ ಬಳಿ ಮೂತಿ ಕಾಣಲಿಲ್ಲ. ಒಳಗೆ ನೋಡಿದರೆ ಗೋಡೆಗೆ ಬೆನ್ನು ಕೊಟ್ಟು ಮಲಗಿತ್ತು, ಕಾಲು ಸೆಟೆದಿತ್ತು. ಹಿಂದಿನ ಸಂಜೆ ಚೆನ್ನಾಗಿ ತಿಂದಿತ್ತು. ಆಕೆ ತಟ್ಟೆಯನ್ನು ನೆಲದ ಮೇಲಿಟ್ಟು, ಮೊದಲು ಉಳಿದವಕ್ಕೆಲ್ಲ ಮಾತ್ರೆ ಕೊಟ್ಟು ಮುಗಿಸಿ, ಆಮೇಲೆ ಬಂದು ಹೇಳಿದರು. ಹಾಗೆ ಮಾಡಿದ್ದಕ್ಕೂ ಮುಂದೆ ಮಾತು ಕೇಳಬೇಕಾಯಿತು.

ಹೃದಯವನ್ನು ಬಿಡಿಸಿದಾಗ ದೊಡ್ಡವರೂ ಮೇಜಿನ ಪಕ್ಕದಲ್ಲಿದ್ದರು. ಒಂದು ನಾಳ ಖಾಲಿ. ಇನ್ನೊಂದರಲ್ಲಿ, ಸ್ಟೆಂಟಿನ ಉದ್ದಕ್ಕೂ, ಕಪ್ಪಗೆ ಬೆರಳಿನ ಹಾಗೆ ಹೆಪ್ಪುಗಟ್ಟಿದ ರಕ್ತ. ಅದು ಮದ್ದು ಲೇಪಿಸಿದ ಸ್ಟೆಂಟಾ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ದೊಡ್ಡವರು ಕೈಗವಸು ಕಳಚಿ ಬುಟ್ಟಿಗೆ ಹಾಕಿ, ‘ಮಾತ್ರೆಯ ರಿಜಿಸ್ಟರ್ ತನ್ನಿ’ ಎಂದರು.

ಪರೀಕ್ಷೆಯ ನಿಯಮ ಹಾಗಿತ್ತು. ಮಾತ್ರೆ ತಪ್ಪಿದ ಹಂದಿ ಹೆಪ್ಪುಗಟ್ಟಿ ಸತ್ತರೆ ಅದು ಲೆಕ್ಕಕ್ಕಿಲ್ಲ, ಸ್ಟೆಂಟಿನ ದೋಷವಲ್ಲ. ರಿಜಿಸ್ಟರಿನ ಹದಿನೇಳರ ಪುಟದಲ್ಲಿ ನಲವತ್ತು ದಿನಕ್ಕೂ ಆಕೆಯ ಸೊಟ್ಟ ಅಕ್ಷರದ ಸಹಿ ಇತ್ತು. ಮೂವತ್ತೆಂಟನೇ ದಿನದ ಮುಂದೆ ಮಾತ್ರ ಚಿಕ್ಕದಾಗಿ ಬರೆದಿದ್ದರು: ‘ಉಗುಳಿತು. ಮತ್ತೆ ಕೊಟ್ಟೆ. ನುಂಗಿತು.’ ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಬರೆದಿದ್ದರು.

ಮಧ್ಯಾಹ್ನ ಪಶುವೈದ್ಯರು ಆಕೆಯನ್ನು ತಮ್ಮ ಕೋಣೆಗೆ ಕರೆದರು. ಸ್ಟೆಂಟ್ ಮಾಡುವ ಕಂಪನಿಯ ಮನುಷ್ಯನೂ ಅಲ್ಲಿದ್ದ. ಗಂಟಲು ಬಿಗಿಯುವಂತೆ ಟೈ ಕಟ್ಟಿ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದವನು. ಅಲ್ಲಿ ನಡೆದದ್ದನ್ನು ಮಾತ್ರೆಯಕ್ಕ ನನಗೆ ಸಂಜೆ ಹೇಳಿದರು, ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು.

‘ಮತ್ತೆ ಕೊಟ್ಟಾಗ ಒಳಗೆ ಹೋಗಿದ್ದನ್ನ ಕಣ್ಣಾರೆ ನೋಡಿದ್ರಾ ಅಂದ್ರು. ಹಂದಿ ಹೊಟ್ಟೆ ಒಳಗೆ ನಾ ಹೆಂಗ್ ನೋಡ್ಲಿ? ಗಂಟಲು ಆಡ್ತು, ನುಂಗ್ತು ಅಂದೆ. ಆಮೇಲೆ ಮೂಲೇಲಿ ಉಗುಳಿರಬಹುದಲ್ವಾ ಅಂದ್ರು. ಮೂಲೆ ಗುಡಿಸ್ತೀನಿ ಸಾರ್, ಸಿಗ್ಲಿಲ್ಲ ಅಂದೆ. ಹುಲ್ಲಲ್ಲಿ ಸೇರಿ ಹೋಗಿರಬಹುದಲ್ವಾ ಅಂದ್ರು. ಎಷ್ಟು ಅಂತ ಇಲ್ಲ ಅನ್ನಲಿ? ಇರಬಹುದು ಅಂದೆ.’

‘ಬರೆದು ಕೊಟ್ರಾ?’

‘ಅವ್ರೇ ಬರೆದಿದ್ರು. “ಹೊಟ್ಟೆಗೆ ಹೋಗಿರದೇ ಇರಬಹುದು” ಅಂತ. ಡಾಕ್ಟ್ರು, ನಿಮಗೇನೂ ಆಗಲ್ಲ, ನಾನಿದೀನಲ್ಲ ಅಂದ್ರು. ಒಳ್ಳೇ ಮನುಷ್ಯ. ಸಹಿ ಹಾಕ್ದೆ.’

ಪಶುವೈದ್ಯರು ಒಳ್ಳೆಯ ಮನುಷ್ಯರೇ. ಆದರೆ ಆ ‘ಇರಬಹುದು’ ಎಂಬ ಪದ ದೊಡ್ಡವರ ವರದಿಗೆ ಹೋಗುವಷ್ಟರಲ್ಲಿ ಉದುರಿಹೋಗಿತ್ತು. ಹದಿನೇಳನೇ ಪ್ರಾಣಿಗೆ ಸಿಬ್ಬಂದಿಯ ಅಲಕ್ಷ್ಯದಿಂದ ಮಾತ್ರೆ ತಪ್ಪಿತು ಎಂದು ಅಚ್ಚಾಯಿತು. ಎರಡು ದಿನ ಬಿಟ್ಟು ಮಾತ್ರೆಯಕ್ಕನ ಕೈಗೆ ಎಚ್ಚರಿಕೆಯ ಪತ್ರ ಬಂತು. ಅದರಲ್ಲೂ ಅಲಕ್ಷ್ಯ ಎಂಬ ಮಾತೇ ಇತ್ತು. ಆಕೆ ಓದಿ, ಮಡಚಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಮನೆಯಲ್ಲಿ ಹೇಳಲಿಲ್ಲ. ಗಂಡನಿಗೆ ಹೇಳಬೇಕೆಂದರೆ ಕೂಗಿ ಹೇಳಬೇಕು. ತಾನು ಹಂದಿ ಕೊಂದೆ ಎಂದು ಬೀದಿಗೆಲ್ಲ ಕೇಳುವಂತೆ ಹೇಗೆ ಕೂಗುವುದು?

ಹಂದಿಮನೆಯಲ್ಲಿ ಮಾತು ಹಬ್ಬಲು ಹೊತ್ತು ಬೇಕಿರಲಿಲ್ಲ. ನೀರು ಬಿಡುವವನು ತಮಾಷೆಗೆಂಬಂತೆ, ‘ಇವತ್ತು ಯಾರ ಸರದಿ ಅಕ್ಕಾ?’ ಎಂದ. ಎಲ್ಲರೂ ನಕ್ಕರು, ಆಕೆಯೂ ನಕ್ಕರು. ನನಗೆ ಕೆಡುಕೆನಿಸಿದ್ದು ಅದಲ್ಲ. ದಿನ ಹೋದಂತೆ ಆಕೆಯೇ ಅದನ್ನು ನಂಬತೊಡಗಿದ್ದರು.

‘ನಿಜವಾಗ್ಲೂ ಉಗುಳಿತ್ತೇನೋ ಕಣೇ’ ಎಂದರು ಒಂದು ದಿನ. ‘ಅವತ್ತು ಮಗಳ ಫೋನ್ ಬಂದಿತ್ತು. ಮನಸ್ಸು ಎಲ್ಲೋ ಇತ್ತು. ಗಂಟಲು ಆಡಿದ್ದು ಹದಿನೇಳರದ್ದೋ ಹದಿನಾರರದ್ದೋ.’

‘ನೀವೇ ಬರೆದಿದೀರಲ್ಲ ಅಕ್ಕಾ, ನುಂಗಿತು ಅಂತ.’

‘ಬರೆದಿದೀನಿ. ಬರೆದಿದ್ದೆಲ್ಲ ನಿಜಾನಾ? ಅವ್ರು ಬರೆದಿದ್ದಕ್ಕೂ ಸಹಿ ಹಾಕಿದೀನಲ್ಲ.’

ಅಂದಿನಿಂದ ಪ್ರತಿ ಹಂದಿಯ ಬಾಯಿಯನ್ನೂ ಟಾರ್ಚ್ ಹಾಕಿ ನೋಡತೊಡಗಿದರು. ಉಂಡೆ ನುಂಗಿದ ಮೇಲೆ ದವಡೆ ಬಿಡಿಸಿ, ನಾಲಿಗೆಯ ಅಡಿ, ಕೆನ್ನೆಯ ಒಳಗೆ ಬೆರಳು ಹಾಕಿ ತಡವುವರು. ಹಂದಿಗಳು ಈಗ ಅರವತ್ತು ಕಿಲೋ ಮೀರಿದ್ದವು. ಬೇಡ ಎಂದು ಪಶುವೈದ್ಯರೂ ಹೇಳಿದರು, ನಾನೂ ಹೇಳಿದೆ. ಕೇಳಲಿಲ್ಲ. ನಾಲ್ಕನೇ ದಿನ ಇಪ್ಪತ್ತನೇ ಹಂದಿ ಬಾಯಿ ಮುಚ್ಚಿತು. ಅದಕ್ಕೆ ಸಿಟ್ಟೇನೂ ಇರಲಿಲ್ಲ, ಮೂರನೇ ಉಂಡೆ ಎಂದುಕೊಂಡಿತ್ತು. ಬಲಗೈಯ ನಡುಬೆರಳು ಮೊದಲ ಗಂಟಿನವರೆಗೆ ಹೋಯಿತು.

ಮರುದಿನವೇ ಬ್ಯಾಂಡೇಜಿನ ಕೈಯಲ್ಲೇ ಕೆಲಸಕ್ಕೆ ಬಂದರು. ಉಂಡೆ ಕಟ್ಟಲು ಆಗದೆ ಎಡಗೈಯಿಂದ ಒತ್ತಿ ಒತ್ತಿ ಅವನ್ನು ಚಪ್ಪಟೆ ಮಾಡುತ್ತಿದ್ದರು. ದೊಡ್ಡವರಿಗೂ ಕರುಳು ಚುರುಕ್ ಎಂದಿರಬೇಕು. ಇನ್ನು ಮೇಲೆ ಮಾತ್ರೆ ಕೊಡುವಾಗ ಒಬ್ಬ ಸಾಕ್ಷಿ ಇರಲಿ, ಇಬ್ಬರೂ ಸಹಿ ಹಾಕಲಿ ಎಂದು ಆದೇಶ ಮಾಡಿದರು. ಸಾಕ್ಷಿಯಾಗಿ ನೇಮಕವಾದವಳು ನಾನು.

ದಿನಾ ಏಳು ಗಂಟೆಗೆ ನಾನೂ ರಬ್ಬರ್ ಬೂಟು ಹಾಕಿಕೊಂಡು ಹಿಂದೆ ಹಿಂದೆ ಹೋಗುತ್ತಿದ್ದೆ. ಒಂದನೇ ಉಂಡೆ, ಎರಡನೇ ಉಂಡೆ, ಮೂರನೇ ಉಂಡೆ, ಆಮೇಲೆ ತೆರೆದ ಬಾಯಿಗೆ ಟಾರ್ಚ್. ‘ನೋಡಿದ್ಯಾ?’ ಎನ್ನುವರು. ‘ನೋಡಿದೆ’ ಎನ್ನುವೆ. ಸಹಿ. ಮುಂದಿನ ಕಂಬಿ. ಹದಿಮೂರು ದಿನ ಹೀಗೆ ನಡೆಯಿತು. ಒಂದು ಉಂಡೆಯೂ ಹೊರಗೆ ಬರಲಿಲ್ಲ.

ಹದಿನಾಲ್ಕನೇ ಬೆಳಿಗ್ಗೆ ಇಪ್ಪತ್ತಮೂರನೇ ಹಂದಿ ನಮ್ಮ ಕಣ್ಣೆದುರೇ ಸತ್ತಿತು. ಬೂಟಿನ ಸದ್ದಿಗೆ ಎದ್ದು ನಿಂತದ್ದು, ಎರಡು ಹೆಜ್ಜೆ ಬಂದು, ಮುಂಗಾಲು ಮಡಚಿ ಕುಸಿಯಿತು. ಬಾಯಿಂದ ನೊರೆ ಬಂತು. ಮಾತ್ರೆಯಕ್ಕ ಬಾಗಿಲು ತೆಗೆದು ಒಳಗೆ ಹೋಗಿ ಅದರ ಎದೆಯನ್ನು ಎರಡೂ ಅಂಗೈಯಿಂದ ತಿಕ್ಕಿದರು. ಹಾಗೆ ತಿಕ್ಕಿದರೆ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬ್ಯಾಂಡೇಜ್ ಮಣ್ಣಾಯಿತು. ಅದು ಸತ್ತ ಮೇಲೆ ನನ್ನತ್ತ ತಿರುಗಿ ಹೇಳಿದರು:

‘ಇದು ನನ್ನ ತಪ್ಪಲ್ಲ. ಹಂಗಾದ್ರೆ ಅದೂ ಅಲ್ಲ.’

ಒಳಗೆ ಮತ್ತೆ ಅದೇ. ಒಂದು ನಾಳ ಖಾಲಿ, ಒಂದರಲ್ಲಿ ಕಪ್ಪು ಹೆಪ್ಪು. ಕಂಪನಿಯ ಮನುಷ್ಯ ಅದೇ ಮಧ್ಯಾಹ್ನ ಬಂದ. ಈ ಸಲ ಮೊದಲು ಕರೆದದ್ದು ನನ್ನನ್ನು. ದೊಡ್ಡವರೂ ಇದ್ದರು. ಯಾರೂ ಗದರಿಸಲಿಲ್ಲ. ಟೀ ತರಿಸಿದರು.

‘ದಿನಾ ಹದಿನಾಲ್ಕು ಹಂದಿ, ಒಂದೊಂದಕ್ಕೂ ಮೂರು ಉಂಡೆ’ ಎಂದರು ದೊಡ್ಡವರು. ‘ಪ್ರತಿಯೊಂದನ್ನೂ ರೆಪ್ಪೆ ಮಿಟುಕಿಸದೇ ನೋಡಿದೀನಿ ಅಂತ ನೀವು ಹೇಳ್ತಿಲ್ಲ ತಾನೇ? ಸಹಿ ಹಾಕುವಾಗ ಕಣ್ಣು ರಿಜಿಸ್ಟರ್ ಮೇಲೆ ಇರತ್ತಲ್ವಾ?’

ನನ್ನ ಕೆಲಸ ಖಾಯಂ ಆಗುವುದು ಆ ತಿಂಗಳಲ್ಲಿತ್ತು. ಅವರು ಅದರ ಮಾತೆತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ‘ಸಹಿ ಹಾಕುವಾಗ ರಿಜಿಸ್ಟರ್ ನೋಡ್ತೀನಿ ಸಾರ್’ ಎಂದೆ. ಅದು ಸುಳ್ಳಲ್ಲ. ಅಷ್ಟನ್ನೇ ಬರೆದುಕೊಂಡರು, ಅಷ್ಟಕ್ಕೇ ನಾನು ಸಹಿ ಹಾಕಿದೆ. ಹೊರಗೆ ಬಂದಾಗ ಮಾತ್ರೆಯಕ್ಕ ಬೆಂಚಿನ ಮೇಲೆ ತಮ್ಮ ಸರದಿಗೆ ಕಾದು ಕೂತಿದ್ದರು. ‘ನೋಡಿದೆ ಅಂದ್ಯಲ್ಲ?’ ಎಂದು ಕೇಳಿದರು. ನಾನು ನೆಲ ನೋಡಿಕೊಂಡು ಮೆಟ್ಟಿಲು ಹತ್ತಿಬಿಟ್ಟೆ.

ಒಳಗೆ ಆಕೆ ಈ ಸಲ ಸಹಿ ಹಾಕಲಿಲ್ಲ. ಎರಡು ಗಂಟೆ ಕೂರಿಸಿದರೂ ಹಾಕಲಿಲ್ಲ. ನನ್ನ ಹೇಳಿಕೆಯನ್ನು ಓದಿ ಕೇಳಿಸಿದರಂತೆ. ‘ಅವಳು ಹೇಳಿದ್ದು ಅವಳಿಗೆ, ನಾ ಹೇಳೋದು ನನಗೆ’ ಎಂದಷ್ಟೇ ಹೇಳಿ ಎದ್ದು ಬಂದರಂತೆ. ಮರುದಿನ ಬೆಳಿಗ್ಗೆ ನಾನು ಬೂಟು ಹಾಕಿಕೊಂಡು ಹೋದಾಗ ನನ್ನ ಜೊತೆ ಎಂದಿನಂತೆಯೇ ಓಣಿಯಲ್ಲಿ ನಡೆದರು. ‘ನೋಡಿದ್ಯಾ?’ ಎಂದು ಮಾತ್ರ ಕೇಳಲಿಲ್ಲ.

ಇಪ್ಪತ್ತಮೂರರ ಸ್ಲೈಡುಗಳನ್ನು ಆ ವಾರ ಕೊಯ್ದೆ. ಹೆಪ್ಪಿನ ಅಂಚಿನಲ್ಲಿ ಲೋಹದ ಎಳೆಗಳು ಒಂದೊಂದಾಗಿ ಕಾಣಿಸಿದವು. ಅರವತ್ತು ದಿನ ಕಳೆದರೂ ಅವುಗಳ ಮೇಲೆ ಪದರವೇ ಬಂದಿರಲಿಲ್ಲ. ನಿನ್ನೆ ತಾನೇ ಒಳಗಿಟ್ಟಂತೆ ಬೆತ್ತಲೆ. ಹದಿನೇಳರದ್ದನ್ನು ಮತ್ತೆ ತೆಗೆದು ನೋಡಿದೆ, ಅದೂ ಹಾಗೆಯೇ. ಮದ್ದು ಮಾಂಸವನ್ನು ತಡೆದದ್ದಷ್ಟೇ ಅಲ್ಲ, ಪದರವನ್ನೂ ಬರಗೊಟ್ಟಿರಲಿಲ್ಲ. ಉಂಡೆ ಕಟ್ಟುತ್ತ ಕೂತು ಆಕೆ ಕೇಳಿದ ಪ್ರಶ್ನೆಗೆ ಉತ್ತರ ಗಾಜಿನ ಮೇಲಿತ್ತು. ವರದಿ ಬರೆದು ದೊಡ್ಡವರ ಮೇಜಿನ ಮೇಲಿಟ್ಟೆ. ಅದು ಅಲ್ಲೇ ಇತ್ತು.

ಮೂರು ತಿಂಗಳಿಗೊಮ್ಮೆ ಹೊರಗಿನ ಸಮಿತಿಯೊಂದು ಪ್ರಾಣಿಗಳನ್ನು ನೋಡಿ ಹೋಗಲು ಬರುತ್ತಿತ್ತು. ಐವರಲ್ಲಿ ನಾಲ್ವರು ವೈದ್ಯರು, ಒಬ್ಬರು ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ. ಮಿಕ್ಕವರು ಸಭೆಯ ಕೋಣೆಯಲ್ಲಿ ಕೂತರೆ ಈಕೆ ಸೀರೆಯ ಮೇಲೆ ಕೋಟು ಹಾಕಿಕೊಂಡು ಪ್ರತಿ ಕಂಬಿಯ ಮುಂದೆಯೂ ನಿಲ್ಲುವರು. ಆ ದಿನ ಸಾಲಿನಲ್ಲಿ ಎರಡು ಗೂಡು ಖಾಲಿ ಇರುವುದನ್ನು ಕಂಡು, ಅಲ್ಲೇ ನಿಂತಿದ್ದ ಮಾತ್ರೆಯಕ್ಕನನ್ನು ಕೇಳಿದರು.

‘ನೀವೇನಾ ಮಾತ್ರೆ ತಪ್ಪಿಸಿದವರು?’

‘ಕೊಟ್ಟವಳು ನಾನು ಅಮ್ಮಾ. ತಪ್ಪಿಸಿದೆ ಅಂತ ಬರೆದವರು ಬೇರೆ.’

‘ನಿಮ್ಮ ಸಹಿ ಇದೆಯಂತಲ್ಲ?’

‘ಒಂದಕ್ಕೆ ಇದೆ. ಅದು ನನ್ನ ತಪ್ಪು, ಒಪ್ಕೋತೀನಿ. ಹಾಕಬಾರದಿತ್ತು. ಹದಿನೇಳೂ ನುಂಗಿತ್ತು, ಇಪ್ಪತ್ತಮೂರೂ ನುಂಗಿತ್ತು. ಇಷ್ಟು ದಿನದಲ್ಲಿ ಒಂದೇ ಒಂದು ಸಲ ಉಗುಳಿದ್ದು, ಅದನ್ನೂ ಬರೆದಿಟ್ಟೆ. ಮುಚ್ಚಿಡೋಳಾಗಿದ್ರೆ ಅದನ್ನ ಯಾಕೆ ಬರೀತಿದ್ದೆ?’

ಮುಖ್ಯೋಪಾಧ್ಯಾಯಿನಿ ರಿಜಿಸ್ಟರನ್ನು ಇಸಿದುಕೊಂಡು ನಿಂತಲ್ಲೇ ಓದಿದರು. ಮಕ್ಕಳ ಉತ್ತರಪತ್ರಿಕೆ ತಿದ್ದಿ ಪಳಗಿದ ಕಣ್ಣು. ಆಮೇಲೆ ಸಭೆಯ ಕೋಣೆಗೆ ಹೋಗಿ ಸ್ಲೈಡ್ ಮಾಡಿದವರನ್ನು ಕರೆಸಿ ಎಂದರು.

ನಾನು ಮೈಕ್ರೋಸ್ಕೋಪ್ ಹೊತ್ತು ಹೋದೆ. ಐವರೂ ಸರದಿಯ ಮೇಲೆ ನೋಡಿದರು. ಅವರು ಕೇಳಿದ್ದಕ್ಕೆಲ್ಲ ಉತ್ತರಿಸಿದೆ: ಇದು ಎಳೆ, ಇದರ ಮೇಲೆ ಪದರ ಇಲ್ಲ, ಹೌದು, ಎರಡರಲ್ಲೂ ಇಲ್ಲ. ಕೊನೆಗೆ ಮುಖ್ಯೋಪಾಧ್ಯಾಯಿನಿ, ‘ಇಪ್ಪತ್ತಮೂರನೇ ಹಂದಿ ಮಾತ್ರೆ ನುಂಗಿದ್ದನ್ನ ನೀವು ನೋಡಿದ್ರಾ?’ ಎಂದರು.

‘ನೋಡಿದೆ ಮೇಡಂ. ಹದಿಮೂರು ದಿನವೂ.’

‘ಇಲ್ಲಿ ಬೇರೆ ಥರ ಬರೆದಿದೆಯಲ್ಲ?’

‘ಅದನ್ನ ಬರೆದಾಗ ನನಗೆ ಹೆದರಿಕೆ ಆಗಿತ್ತು.’

ಆಕೆ ತಲೆ ಆಡಿಸಿ ಏನನ್ನೋ ಬರೆದುಕೊಂಡರು. ಧೈರ್ಯದಿಂದ ನಿಜ ಹೇಳಿದೆ ಎಂದು ನಾನು ಹೇಳಿಕೊಳ್ಳುವುದಿಲ್ಲ. ಗಾಜು ಎದುರಿಗಿತ್ತು, ಐವರೂ ನೋಡಿ ಆಗಿತ್ತು. ಆ ಹೊತ್ತಿಗೆ ನಿಜ ಹೇಳುವುದು ಸುಲಭವಾಗಿತ್ತು.

ಸಮಿತಿ ಪರೀಕ್ಷೆಯನ್ನು ಅಂದೇ ನಿಲ್ಲಿಸಿತು. ಆ ಲೇಪದ ಸ್ಟೆಂಟ್ ಮನುಷ್ಯರ ಎದೆಗೆ ಹೋಗಬಾರದು ಎಂದು ಬರೆಯಿತು. ಅದು ದೊಡ್ಡವರ ಎಂಟು ವರ್ಷದ ಕೆಲಸ. ಒಂದೇ ವಾರದಲ್ಲಿ ಅವರು ಹತ್ತು ವರ್ಷ ವಯಸ್ಸಾದವರಂತೆ ಕಂಡರು. ಮೆಟ್ಟಿಲ ಮೇಲೆ ಎದುರಾದಾಗ ಪಶುವೈದ್ಯರು ಮಾತ್ರೆಯಕ್ಕನಿಗೆ ಕೈ ಮುಗಿದರು. ಆಕೆಯೂ ಮುಗಿದರು.

ನಿಲ್ಲಿಸುವುದೆಂದರೆ ಏನೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಹಂದಿಗಳನ್ನು ಎಲ್ಲಾದರೂ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದರೋ ಏನೋ. ಉಳಿದಿದ್ದು ಹದಿಮೂರು. ತೊಂಬತ್ತನೇ ದಿನಕ್ಕೆ ಕಾಯದೆ ಎಲ್ಲವನ್ನೂ ಎರಡೇ ದಿನದಲ್ಲಿ ಕೊಂದು, ಹದಿಮೂರು ಹೃದಯಗಳಲ್ಲೂ ಪದರ ಬಂದಿದೆಯೋ ಇಲ್ಲವೋ ನೋಡಬೇಕು. ಅದನ್ನು ನಾನೇ ಆಕೆಗೆ ಹೇಳಬೇಕಾಯಿತು.

‘ನಾ ಸಹಿ ಹಾಕಿದ್ರೆ ಇನ್ನೂ ಹದಿನೈದು ದಿನ ಇರ್ತಿದ್ವಾ?’

‘ಇರ್ತಿದ್ವು ಅಕ್ಕಾ. ಆಮೇಲೆ ಹೆಂಗೂ…’

‘ಹೆಂಗೂ ಅಂತ ನಂಗೊತ್ತು ಕಣೇ. ಕೇಳ್ದೆ ಅಷ್ಟೇ.’

ಪ್ರಜ್ಞೆ ತಪ್ಪಿಸುವ ಮೊದಲು ಹೊಟ್ಟೆ ಖಾಲಿ ಇರಬೇಕು. ಹಾಗಾಗಿ ಆ ಬೆಳಿಗ್ಗೆ ಉಂಡೆ ಇಲ್ಲ. ಬರಬೇಡಿ ಎಂದರೂ ಆಕೆ ಏಳಕ್ಕೆ ಬಂದರು. ಬೂಟಿನ ಸದ್ದಿಗೆ ಹದಿಮೂರೂ ಎದ್ದವು. ದವಡೆ ಬಿಡಿಸಿ ನೋಡಿ ನೋಡಿ ಆಕೆ ಅವಕ್ಕೊಂದು ಅಭ್ಯಾಸ ಮಾಡಿಸಿಬಿಟ್ಟಿದ್ದರು. ಕಂಬಿಯ ಸಂದಿಗೆ ಮೂತಿ ತೂರಿಸಿ, ತಾವಾಗಿಯೇ ಬಾಯಿ ತೆರೆದು ನಿಂತವು. ಆಕೆ ಖಾಲಿ ಕೈಯಲ್ಲಿ ಒಂದೊಂದರ ಮುಂದೆಯೂ ಸ್ವಲ್ಪ ಹೊತ್ತು ನಿಂತರು. ಇಪ್ಪತ್ತನೆಯದು ಆಕೆಯ ಕೈಯನ್ನು ಮೂಸಿ ಕಿರುಚತೊಡಗಿತು, ಅದನ್ನು ಕೇಳಿ ಉಳಿದವೂ. ಪಶುವೈದ್ಯರು ಸೂಜಿ ಹಿಡಿದು ಬಂದು, ‘ನೀವಿನ್ನು ಹೋಗಿ ಅಕ್ಕಾ’ ಎಂದರು. ನೀವು ಇದ್ದರೆ ಅವು ಸುಮ್ಮನಿರುತ್ತವೆ ಎಂದು ಅವರು ಕೇಳಿಕೊಳ್ಳಬಹುದಿತ್ತು, ಕೇಳಲಿಲ್ಲ. ಆಕೆಯೇ, ‘ನಾ ಹಿಡ್ಕೋತೀನಿ, ಬೇಗ ಮುಗಿಸಿ’ ಎಂದು ಹದಿನಾರರ ಕಿವಿಯ ಹಿಂದೆ ಕೆರೆಯುತ್ತ ಕೂತರು. ಮಧ್ಯಾಹ್ನದ ಹೊತ್ತಿಗೆ ಏಳಾದವು, ಮರುದಿನ ಆರು. ಎರಡೂ ದಿನ ಹಿಡಿದುಕೊಂಡವರು ಆಕೆಯೇ.

ಹದಿಮೂರರಲ್ಲಿ ಒಂಬತ್ತರ ಎಳೆಗಳು ಬೆತ್ತಲೆಯಾಗಿದ್ದವು. ನಾನೇ ಅಳೆದೆ.

ಹಂದಿಗಳಿಲ್ಲದ ಮೇಲೆ ಮಾತ್ರೆ ಕೊಡುವವರು ಬೇಕಿರಲಿಲ್ಲ. ಗುತ್ತಿಗೆದಾರ ಆಕೆಯನ್ನು ಬೇರೆ ಕಡೆ ಹಾಕುತ್ತೇನೆಂದು ಹೇಳಿ ಸುಮ್ಮನಾದ. ಎಚ್ಚರಿಕೆಯ ಪತ್ರವನ್ನು ಯಾರೂ ವಾಪಸ್ ಪಡೆಯಲಿಲ್ಲ. ಅದು ಕಡತದಲ್ಲಿ ಇವತ್ತಿಗೂ ಇದೆ. ನನ್ನ ಕೆಲಸ ಖಾಯಂ ಆಯಿತು.

ಒಂದೂವರೆ ವರ್ಷದ ನಂತರ ಕಂಪನಿ ಹೊಸ ಲೇಪದೊಂದಿಗೆ ಮತ್ತೆ ಬಂತು. ಈ ಸಲ ಮದ್ದು ಕಡಿಮೆ, ಲೇಪ ಕೆಲವು ವಾರಗಳಲ್ಲೇ ಕರಗುವಂಥದ್ದು. ಹೊಸ ಹಂದಿಗಳು ಬಂದವು. ಎರಡನೇ ದಿನಕ್ಕೇ ತೊಟ್ಟಿಯ ತಳದಲ್ಲಿ ಮಾತ್ರೆಗಳು ಉಳಿಯತೊಡಗಿದವು. ಆಲೂಗಡ್ಡೆಯ ಉಂಡೆಯನ್ನು ನಾವೂ ಕಟ್ಟಿ ನೋಡಿದೆವು, ನಮ್ಮ ಕೈಯಲ್ಲಿ ಅದು ನಡೆಯಲಿಲ್ಲ. ಪಶುವೈದ್ಯರು, ‘ನೀವು ಹೋಗಿ ಕೇಳಿ, ನನಗೆ ಮುಖ ಇಲ್ಲ’ ಎಂದರು. ನನಗಿತ್ತು ಎಂದಲ್ಲ. ಹೋದೆ.

ಕಿರಿದಾದ ಬೀದಿ, ಮೂರನೇ ಮಹಡಿ. ಬಾಗಿಲು ತೆಗೆದ ಗಂಡ ನಾನು ಯಾರೆಂದು ನಾಲ್ಕು ಸಲ ಕೇಳಿ, ಕೇಳಿಸಿಕೊಳ್ಳದೆ, ಒಳಗೆ ಕೂರಿಸಿದರು. ಮಾತ್ರೆಯಕ್ಕ ಹತ್ತಿರದ ಹಾಸ್ಟೆಲ್ ಒಂದರಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಹೋಗುತ್ತಿದ್ದರು; ಆಗಷ್ಟೇ ಬಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಇನ್ನಷ್ಟು ಸಣ್ಣಗಾಗಿದ್ದರು. ನನ್ನನ್ನು ಕಂಡು ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ನೀರು ಕೊಟ್ಟರು. ನಾನು ಬಂದ ವಿಷಯ ಹೇಳಿದೆ. ಈ ಸಲದ ಲೇಪ ಬೇರೆ, ಬಹುಶಃ ಒಳ್ಳೆಯದೇ ಆಗುತ್ತದೆ, ಯಾರ ಪ್ರಾಣವಾದರೂ ಉಳಿದೀತು ಎಂದೆ.

‘ಉಳಿಯಲಿ’ ಎಂದರು. ‘ನಾನು ಬರಲ್ಲ.’

‘ನಮ್ಮ ಮೇಲಿನ ಕೋಪಕ್ಕಾ ಅಕ್ಕಾ?’

‘ನಿಮ್ಮ ಮೇಲೆ ಕೋಪ ಮಾಡ್ಕೊಂಡು ಏನ್ ಮಾಡ್ಲಿ? ಅವು ನನ್ನ ಕೈ ನಂಬ್ತಾವೆ ಕಣೇ. ಅದಕ್ಕೇ ನುಂಗೋದು. ಉಂಡೇಲೇನೂ ಇಲ್ಲ.’

ನಾನು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ಗಂಡ, ‘ಯಾರಂತೆ? ಏನಂತೆ?’ ಎಂದು ಜೋರಾಗಿ ಕೇಳಿದರು. ಆಕೆ ಅವರತ್ತ ಬಾಗಿ, ‘ಕೆಲಸಕ್ಕೆ ಕರೆಯೋಕೆ ಬಂದಿದಾಳೆ! ಆಗಲ್ಲ ಅಂದೆ!’ ಎಂದು ಕೂಗಿ ಹೇಳಿದರು. ನಾನು ಎದ್ದು ಬಂದೆ.

ಬರುವುದಿಲ್ಲವಂತೆ ಎಂದು ಪಶುವೈದ್ಯರಿಗೆ ತಿಳಿಸಿದೆ. ಮುಂದಿನ ವಾರ ಅವರು ದವಡೆ ಬಿಗಿದು ಹಿಡಿಯುವ ಕಬ್ಬಿಣದ ಚೌಕಟ್ಟನ್ನೂ, ಗಂಟಲಿಗೆ ಇಳಿಸುವ ರಬ್ಬರ್ ಕೊಳವೆಯನ್ನೂ ತರಿಸಿದರು. ಅದನ್ನು ಹಾಕುವಾಗ ಹಂದಿಗಳನ್ನು ಇಬ್ಬರು ಅದುಮಿ ಹಿಡಿಯಬೇಕು. ಅವುಗಳ ಕಿರುಚಾಟ ಮೇಲಿನ ಮಹಡಿಗೂ ಕೇಳಿಸುತ್ತದೆ. ನಾನು ಗರಗಸ ಚಾಲೂ ಮಾಡುತ್ತೇನೆ.